ಜಿಐಎಸ್ ಪ್ರಾಕ್ಟಿಕಲ್‌ನಲ್ಲಿ ಎಲ್ಲ ಬಟನ್ ಒತ್ತೋಕೆ ಬರುತ್ತೆ, ನಮ್ಮೂರ ಕೆರೆ ಎಷ್ಟು ಎಕರೆ ಅಂತ ಮಾತ್ರ ಗೊತ್ತಾಗ್ತಿಲ್ಲ

ಮುಳಬಾಗಿಲು_ದೋಸೆ · ಸೋಮವಾರ ರಾತ್ರಿ 10:40

ಎಲ್ರಿಗೂ ನಮಸ್ಕಾರ. ಭೂಗೋಳಶಾಸ್ತ್ರ ಎಂ.ಎಸ್ಸಿ., ಮೂರನೇ ಸೆಮಿಸ್ಟರ್. ಯಾವ ವಿ.ವಿ. ಅಂತ ಹೇಳಲ್ಲ, ನಮ್ಮ ಮೇಷ್ಟ್ರೂ ಇಲ್ಲಿ ಇಣುಕ್ತಿರಬಹುದು.

ವಾರಕ್ಕೆ ಎರಡು ದಿನ ಜಿಐಎಸ್ ಪ್ರಾಕ್ಟಿಕಲ್, ಅಂದ್ರೆ ಕಂಪ್ಯೂಟರಲ್ಲಿ ನಕಾಶೆ ಮಾಡಿ ಅಳೆಯೋದು. ಮೂರು ಜನಕ್ಕೆ ಒಂದು ಕಂಪ್ಯೂಟರ್, ಅದರಲ್ಲೂ ಎರಡು ಆನ್ ಆಗಲ್ಲ. ರೆಕಾರ್ಡ್ ಬುಕ್ಕಲ್ಲಿ ಬರೆಯೋದು ಹೀಗೆ: "ಟೂಲ್‌ಬಾಕ್ಸ್ ತೆರೆ, ಬಫರ್ ಆರಿಸು, 500 ಅಂತ ಹಾಕು, ಓಕೆ ಒತ್ತು." (ಬಫರ್ ಅಂದ್ರೆ ಒಂದು ಜಾಗದ ಸುತ್ತ ಇಷ್ಟು ದೂರ ಅಂತ ಪಟ್ಟಿ ಎಳೆಯೋದು.) 500 ಯಾಕೆ, 700 ಯಾಕಲ್ಲ ಅಂತ ಒಂದು ದಿನ ಕೇಳಿದೆ. "ಪರೀಕ್ಷೆಲಿ 500 ಬರುತ್ತಮ್ಮ" ಅಂದ್ರು.

ಈಗ ಪ್ರಾಜೆಕ್ಟ್ ಕೆಲಸ. ನಾನು ತಗೊಂಡಿರೋದು ಕೋಲಾರ ಜಿಲ್ಲೆ ಕೆರೆಗಳು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬರ್ತಿದೆಯಲ್ಲ, ಅದರಿಂದ ನೀರು ನಿಂತಿರೋ ಜಾಗ ನಿಜವಾಗ್ಲೂ ಹೆಚ್ಚಾಯ್ತಾ ಅಂತ ಉಪಗ್ರಹ ಚಿತ್ರ ನೋಡಿ ಹೇಳ್ಬೇಕು. ಶುರು ಮಾಡೋಣ ಅಂತ ನಿನ್ನೆ ನಮ್ಮೂರ ಕೆರೆ ಅಂಚು ಎಳೆದು ವಿಸ್ತೀರ್ಣ ಕೇಳಿದ್ರೆ 0.0000273 ಅಂತು. ನಮ್ಮ ತಾತ ಆ ಕೆರೆಗೆ ನೀರುಗಂಟಿ ಆಗಿದ್ದೋರು. ಪಕ್ಕದಲ್ಲೇ ಕೂತು "ಎಷ್ಟಂತಮ್ಮ ನಿನ್ನ ಕಂಪ್ಯೂಟರ್?" ಅಂದ್ರು. ಏನು ಹೇಳಲಿ?

ಇನ್ನೆರಡು ಪ್ರಶ್ನೆ. ದುಡ್ಡು ಕೊಟ್ಟು ತಗೊಳೋ ಆರ್ಕ್‌ಜಿಐಎಸ್ ಸಾಫ್ಟ್‌ವೇರ್ ಕಲೀಬೇಕಾ, ಉಚಿತವಾಗಿ ಸಿಗೋ ಕ್ಯೂಜಿಐಎಸ್ ಸಾಕಾ? ಇದನ್ನ ಓದಿದ್ರೆ ಕೆಲಸ ಸಿಗುತ್ತಾ?

ಪಿಕ್ಸೆಲ್_ಪುಟ್ಟ · ಸೋಮವಾರ ರಾತ್ರಿ 11:05

ಅಕ್ಕ, ಆ ಸಂಖ್ಯೆ ತಪ್ಪಲ್ಲ, ಅದು ಚದರ ಡಿಗ್ರಿ. ನಿಮ್ಮ ಲೇಯರ್ ಅಕ್ಷಾಂಶ-ರೇಖಾಂಶದಲ್ಲಿದೆ. ಕಂಪ್ಯೂಟರ್ ಪಾಪ, ಡಿಗ್ರಿಯನ್ನ ಡಿಗ್ರಿಯಿಂದ ಗುಣಿಸಿ ಕೈಗಿಟ್ಟಿದೆ.

13 ಡಿಗ್ರಿ ಅಕ್ಷಾಂಶದಲ್ಲಿ ಒಂದು ಡಿಗ್ರಿ ಅಂದ್ರೆ ಉತ್ತರ-ದಕ್ಷಿಣ ಸುಮಾರು 110.6 ಕಿ.ಮೀ., ಪೂರ್ವ-ಪಶ್ಚಿಮ ಸುಮಾರು 108.5 ಕಿ.ಮೀ. ಹಾಗಾಗಿ ಒಂದು ಚದರ ಡಿಗ್ರಿಗೆ 12,000 ಚದರ ಕಿ.ಮೀ. ಆಗುತ್ತೆ. ನಿಮ್ಮ ಸಂಖ್ಯೆಯನ್ನ ಅದರಿಂದ ಗುಣಿಸಿ: 0.33 ಚದರ ಕಿ.ಮೀ., 81 ಎಕರೆ ಹತ್ರ ಹತ್ರ.

ಕ್ಯೂಜಿಐಎಸ್‌ನಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಪುಸ್ತಕದಲ್ಲಿ ಬರೆದಿರಲ್ಲ. ಫೀಲ್ಡ್ ಕ್ಯಾಲ್ಕ್ಯುಲೇಟರ್‌ನಲ್ಲಿ ಡಾಲರ್ ಗುರುತು ಹಾಕಿದ ಏರಿಯಾ ಕೇಳಿದ್ರೆ ಅದು ಭೂಮಿಯ ಗುಂಡನೆ ಆಕಾರ ಲೆಕ್ಕಕ್ಕೆ ತಗೊಂಡು ಹೇಳುತ್ತೆ. ಗುರುತಿಲ್ಲದ ಏರಿಯಾ ಫಂಕ್ಷನ್ ಕರೆದ್ರೆ ಲೇಯರ್ ಯಾವ ಅಳತೆಯಲ್ಲಿದೆಯೋ ಅದರಲ್ಲೇ ಸಪಾಟಾಗಿ ಲೆಕ್ಕ ಹಾಕುತ್ತೆ. ನೀವು ಎರಡನೇದು ಮಾಡಿದ್ದೀರ.

ಮುಳಬಾಗಿಲು_ದೋಸೆ · ಸೋಮವಾರ ರಾತ್ರಿ 11:20

ತಾತಂಗೆ ಹೇಳಿದೆ. "ಎಂಬತ್ತು ಚಿಲ್ಲರೆ ಅಂತ ನಾನು ಆಗ್ಲೇ ಅಂದ್ನಲ್ಲ, ಅದಕ್ಕೆ ಎರಡು ವರ್ಷ ಓದ್ಬೇಕಿತ್ತಾ" ಅಂದು ಮಲಗಿದ್ರು.

ಬಾಂದುಕಲ್ಲು · ಮಂಗಳವಾರ ಬೆಳಗ್ಗೆ 6:10

ನಾನು ಭೂಮಾಪನ ಇಲಾಖೆಯಲ್ಲಿ ಸರ್ವೇಯರ್ ಆಗಿದ್ದು ನಿವೃತ್ತನಾದವನು. ಕಂಪ್ಯೂಟರ್ ನನಗೆ ಅಷ್ಟಕ್ಕಷ್ಟೆ, ಮಗ ತೋರಿಸಿಕೊಟ್ಟಿದ್ದಾನೆ. ಆದರೆ ನಿಮ್ಮ ಮಾತು ನೋಡಿ ಒಂದು ವಿಷಯ ಹೇಳಬೇಕೆನಿಸಿತು.

ನಮ್ಮ ಕಾಲದ ಸರಪಳಿ 33 ಅಡಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ, ಅದೇ ಒಂದು ಗುಂಟೆ: 1,089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ಈಗ ನೀವೆಲ್ಲ ಬಳಸುವ ಸೆಂಟಿನೆಲ್-2 ಉಪಗ್ರಹ ಚಿತ್ರದ ಒಂದು ಪಿಕ್ಸೆಲ್ 10 ಮೀಟರ್‌ಗೆ 10 ಮೀಟರ್, ಅಂದರೆ 100 ಚದರ ಮೀಟರ್. ಒಂದು ಗುಂಟೆ 101 ಚದರ ಮೀಟರ್ ಚಿಲ್ಲರೆ. ಯುರೋಪಿನವರು ಆಕಾಶದಿಂದ ನಮ್ಮ ಗುಂಟೆಯನ್ನೇ ಅಳೆಯುತ್ತಿದ್ದಾರೆ ಅಂತ ಮಗನಿಗೆ ಹೇಳಿ ನಕ್ಕೆ.

ಅಮ್ಮಾ, ತಾತನಿಗೆ ಹೇಳುವಾಗ ಪಿಕ್ಸೆಲ್ ಅನ್ನಬೇಡಿ, ಗುಂಟೆ ಅನ್ನಿ. ಜೊತೆಗೆ ಕೆರೆಯ ಸರ್ವೆ ನಂಬರ್ ಹಿಡಿದು ಪಹಣಿಯಲ್ಲಿ ಎಷ್ಟು ವಿಸ್ತೀರ್ಣ ಬರೆದಿದೆ ನೋಡಿ. ಜಾಗಕ್ಕೆ ಹೋದಾಗ ದಿಶಾಂಕ್ ಆಪ್ ತೆರೆದರೆ ನೀವು ನಿಂತ ಸರ್ವೆ ನಂಬರ್ ತೋರಿಸುತ್ತದೆ.

ಪಿಕ್ಸೆಲ್_ಪುಟ್ಟ · ಮಂಗಳವಾರ ಬೆಳಗ್ಗೆ 8:45

ಸರ್, ಆರು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ, ಒಂದು ಪಿಕ್ಸೆಲ್ ಅಂದ್ರೆ ಒಂದು ಗುಂಟೆ ಅಂತ ಒಂದು ದಿನವೂ ಹೊಳೆದಿಲ್ಲ 🙏 ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹದ 30 ಮೀಟರ್ ಪಿಕ್ಸೆಲ್ ಹಾಗಾದ್ರೆ ಒಂಬತ್ತು ಗುಂಟೆ!

ಬಾಂದುಕಲ್ಲು · ಮಂಗಳವಾರ ಬೆಳಗ್ಗೆ 9:02

ಒಂಬತ್ತಕ್ಕೆ ಸ್ವಲ್ಪ ಕಮ್ಮಿ. ಗುಂಟೆ ವಿಚಾರದಲ್ಲಿ ಸ್ವಲ್ಪ ಅಂದರೂ ಊರಲ್ಲಿ ತಲೆ ಒಡೆಯುತ್ತೆ.

ಕುಡ್ಲದ_ಬಂಗುಡೆ · ಮಂಗಳವಾರ ಬೆಳಗ್ಗೆ 11:30

ಒಂದು ಎಚ್ಚರಿಕೆ. ಡಿಗ್ರಿ ಬಿಟ್ಟು ಮೀಟರಲ್ಲಿ ಅಳೀಲಿಕ್ಕೆ ಭೂಮಿಯನ್ನ ಆರಾರು ಡಿಗ್ರಿಯ ವಲಯಗಳಾಗಿ ಹಂಚಿದ ಯುಟಿಎಂ ಲೆಕ್ಕ ಉಂಟು. ಕರ್ನಾಟಕ ಅಂದ ಕೂಡ್ಲೆ ಎಲ್ಲರೂ ಯುಟಿಎಂ 43 ಉತ್ತರ, ಅಂದ್ರೆ ಇಪಿಎಸ್‌ಜಿ ಕೋಡ್ 32643 ಹಾಕಿ ಕೂತ್ಕೊಳ್ತಾರೆ. ನಿಮ್ಮ ಜಿಲ್ಲೆಯಲ್ಲಿ ಅದು ಕೈಕೊಡ್ತದೆ ಮಾರಾಯ್ರೆ. 43ನೇ ವಲಯ 78 ಡಿಗ್ರಿ ರೇಖಾಂಶಕ್ಕೆ ಮುಗೀತದೆ. ಬೆಂಗಳೂರಿಂದ ಕೋಲಾರಕ್ಕೆ ಹೋಗುವಾಗ ನರಸಾಪುರದ ಆಸುಪಾಸಲ್ಲೇ ಆ ಗೆರೆ ದಾಟ್ತೀರಿ. ಮಾಲೂರು ಆಚೆ ಬದಿ, ಬಂಗಾರಪೇಟೆ, ಕೆಜಿಎಫ್, ಶ್ರೀನಿವಾಸಪುರ, ಮುಳಬಾಗಿಲು ಈಚೆ ಬದಿ, 44ರಲ್ಲಿ. ರಾಜ್ಯದ ಪೂರ್ವದ ತುದಿ ಮಾತ್ರ ಹೀಗೆ. ನೀವು ಡೌನ್‌ಲೋಡ್ ಮಾಡುವ ಸೆಂಟಿನೆಲ್ ಚಿತ್ರಗಳೂ ಕೆಲವು 43ರಲ್ಲಿ, ಕೆಲವು 44ರಲ್ಲಿ ಬರ್ತವೆ. ಹಾಗಾಗಿ ಜಿಲ್ಲೆಯನ್ನ ಎರಡು ಭಾಗ ಮಾಡಿ ಬೇರೆ ಬೇರೆ ಲೆಕ್ಕ ಹಾಕಿ.

ಡಚ್ಚರ_ನಾಡಲ್ಲಿ · ಮಂಗಳವಾರ ಮಧ್ಯಾಹ್ನ 1:15

ಬೇಡ ಬೇಡ, ಎರಡು ಭಾಗ ಮಾಡ್ಬೇಡಿ. ಗಡಿ ಗೆರೆ ಮೇಲೆ ಕೂತಿರೋ ಕೆರೆ ಎರಡೂ ಕಡೆ ಅರ್ಧರ್ಧ ಬರುತ್ತೆ, ಆಮೇಲೆ ಜೋಡಿಸೋಕೆ ಒದ್ದಾಡ್ತೀರ. ಇಡೀ ಜಿಲ್ಲೆಗೆ 44 ಹಾಕಿ. ಮಾಲೂರು ಆ ವಲಯದ ಹೊರಗಿದ್ರೂ ಏನೂ ಆಕಾಶ ಕಳಚಿ ಬೀಳಲ್ಲ. ಲೆಕ್ಕ ಮಾಡಿ ನೋಡಿದೆ: 44ರ ಮಧ್ಯರೇಖೆ 81 ಡಿಗ್ರಿ, ಮಾಲೂರು ಅಲ್ಲಿಂದ ಮೂರು ಡಿಗ್ರಿ ಚಿಲ್ಲರೆ ದೂರ, ವಿಸ್ತೀರ್ಣದಲ್ಲಿ ತಪ್ಪು ನೂರಕ್ಕೆ 0.2ರಷ್ಟು. 80 ಎಕರೆಗೆ ಆರೂವರೆ ಗುಂಟೆ. ಕಾಲು ಪರ್ಸೆಂಟೂ ಇಲ್ಲದ್ದಕ್ಕೆ ಯಾಕೆ ತಲೆಬಿಸಿ?

ತಲೆಬಿಸಿ ಮಾಡ್ಕೊಳ್ಬೇಕಾದ್ದು ಅಂಚಿನ ಪಿಕ್ಸೆಲ್‌ಗಳ ಬಗ್ಗೆ. ಬಾಂದುಕಲ್ಲು ಸರ್ ಅವರ ಗುಂಟೆಯಲ್ಲೇ ಹೇಳ್ತೀನಿ. ಹತ್ತು ಎಕರೆ ಕೆರೆ ಅಂದ್ರೆ 400 ಪಿಕ್ಸೆಲ್. ಚೌಕ ಅಂದ್ಕೊಳ್ಳಿ, 20ಕ್ಕೆ 20. ಸುತ್ತಲಿನ ಸಾಲಲ್ಲಿ 76 ಪಿಕ್ಸೆಲ್, ಅವೆಲ್ಲ ಅರ್ಧ ನೀರು ಅರ್ಧ ನೆಲ. ನೂರಕ್ಕೆ 19. ಒಂದು ಎಕರೆ ಕುಂಟೆ ಆದ್ರೆ ಅರ್ಧಕ್ಕಿಂತ ಹೆಚ್ಚು ಪಿಕ್ಸೆಲ್ ಅಂಚಿನವೇ. ನಿಜವಾದ ಕೆರೆ ಚೌಕ ಇರಲ್ಲ, ಹೊಲದೊಳಗೆ ಬೆರಳು ಚಾಚಿರುತ್ತೆ, ಅಂಚು ಇನ್ನೂ ಜಾಸ್ತಿ. ಹಾಗಾಗಿ ತುಂಬ ಸಣ್ಣ ಕುಂಟೆಗಳನ್ನ ಕೈಬಿಡಿ, ಕೈಬಿಟ್ಟೆ ಅಂತ ಬರೀರಿ. ಎಷ್ಟು ಎಕರೆ ಕೆಳಗೆ ಕೈಬಿಟ್ರಿ, ಯಾಕೆ ಅಂತ ವೈವಾದಲ್ಲಿ ಕೇಳೇ ಕೇಳ್ತಾರೆ. ಕೇಳದಿದ್ರೆ ಅವರ ದುರದೃಷ್ಟ.

(ನಾನು ಓದ್ತಿರೋದು ನೆದರ್ಲೆಂಡ್ಸಿನ ಎನ್‌ಸ್ಖೆಡೆ ಊರಲ್ಲಿ, ಜಿಐಎಸ್ ಕಲಿಸೋ ಐಟಿಸಿಯಲ್ಲಿ. 1950ರಲ್ಲಿ ಶುರುವಾದ ಸಂಸ್ಥೆ, ಈಗ ಟ್ವೆಂಟೆ ವಿ.ವಿ.ಯ ಭಾಗ. ಇಲ್ಲಿ ಮೊದಲ ವಾರ ನಮ್ಮ ಕೈಗೆ ಕಂಪ್ಯೂಟರೇ ಕೊಡಲಿಲ್ಲ. ಒಂದು ಕಾಗದದ ನಕಾಶೆ ಕೊಟ್ಟು "ಇದರಲ್ಲಿ ಏನು ಸುಳ್ಳು ಹುಡುಕಿ" ಅಂದ್ರು. ನಾನು ಬೆಂಗಳೂರಲ್ಲಿ ನಾಲ್ಕು ಸಾಫ್ಟ್‌ವೇರ್ ಕಲಿತು ಬಂದವ, ಬೆಪ್ಪನಂತೆ ಕೂತಿದ್ದೆ.)

ಮೇಷ್ಟ್ರು_ಅಲ್ಲ_ಅತಿಥಿ · ಮಂಗಳವಾರ ಸಂಜೆ 6:50

ನಾನು ಒಂದು ಸರ್ಕಾರಿ ಪದವಿ ಕಾಲೇಜಲ್ಲಿ ಅತಿಥಿ ಉಪನ್ಯಾಸಕ. ಎಲ್ಲರೂ ಮೇಷ್ಟ್ರನ್ನ ಬೈಯೋಕೆ ಮೊದಲು ಒಂದು ಮಾತು. ಸಿಲಬಸ್ ನಾವು ಬರೆಯಲ್ಲ. ಲ್ಯಾಬಲ್ಲಿರೋ ಕಂಪ್ಯೂಟರಿಗೆ ಹೊಸ ಕ್ಯೂಜಿಐಎಸ್ ಹಾಕಿದ್ರೆ ಉಸಿರು ಬಿಡುತ್ತೆ. ಇಂಟರ್ನೆಟ್ ಪ್ರಿನ್ಸಿಪಾಲ್ ಕೊಠಡಿವರೆಗೆ ಮಾತ್ರ. 40 ನಿಮಿಷದಲ್ಲಿ ಹಾಜರಿ ತಗೊಂಡು, ಮೂರು ಬ್ಯಾಚಿಗೆ ಬಫರ್ ತೋರಿಸ್ಬೇಕು. 500 ಯಾಕೆ ಅಂತ ಹೇಳೋಕೆ ನನಗೂ ಆಸೆ ಇದೆ ಸ್ವಾಮಿ.

ಆದರೂ ತಪ್ಪು ಒಪ್ಕೋತೀನಿ. ಪ್ರತಿ ವರ್ಷ ಪ್ರಾದೇಶಿಕ ವಿಶ್ಲೇಷಣೆ ಅಂದ್ರೆ 1854ರ ಲಂಡನ್ನಿನ ಕಾಲರಾ ನಕಾಶೆಯಿಂದ ಶುರು ಮಾಡ್ತೀನಿ. ಜಾನ್ ಸ್ನೋ ಅನ್ನೋ ಡಾಕ್ಟರು ಸತ್ತವರ ಮನೆಗಳನ್ನ ನಕಾಶೆಯಲ್ಲಿ ಗುರುತು ಹಾಕಿ, ಬ್ರಾಡ್ ಸ್ಟ್ರೀಟಿನ ನೀರಿನ ಪಂಪೇ ಮೂಲ ಅಂತ ತೋರಿಸಿದ್ದು. ಒಳ್ಳೆ ಕಥೆ, ಆದರೆ ಮಕ್ಕಳಿಗೆ ಆ ಬೀದಿ ಗೊತ್ತಿಲ್ಲ, ಪಂಪೂ ಗೊತ್ತಿಲ್ಲ. ಹೋದ ವರ್ಷ ಬೇರೆ ಮಾಡಿದೆ. ಬೆಂಗಳೂರಿನ ವಾರ್ಡ್ ನಕಾಶೆ ತಗೊಂಡೆ. 198 ವಾರ್ಡ್ ಇದ್ದದ್ದು 2022ರಲ್ಲಿ 243 ಆಯ್ತು, 2023ರಲ್ಲಿ 225 ಆಯ್ತು, ಈಗ ಪಾಲಿಕೆಯೇ ಐದಾಗಿದೆ. ಅದೇ ಜನ, ಅದೇ ಮನೆ, ಗೆರೆ ಬೇರೆ ಎಳೆದ್ರೆ ಸರಾಸರಿ ಬೇರೆ ಬರುತ್ತೆ, ಯಾವ ಬಡಾವಣೆ "ಹಿಂದುಳಿದದ್ದು" ಅನ್ನೋದೇ ಬದಲಾಗುತ್ತೆ. ಇಂಗ್ಲಿಷ್ ಪುಸ್ತಕದಲ್ಲಿ ಇದಕ್ಕೆ ಉದ್ದದ ಹೆಸರಿದೆ, ಹೆಸರು ಹೇಳದೇನೇ ಎಲ್ಲರಿಗೂ ಅರ್ಥ ಆಯ್ತು. ಹಿಂದಿನ ಬೆಂಚಿನ ಹುಡುಗ ಎದ್ದು "ಸಾರ್, ಹಾಗಾದ್ರೆ ಗೆರೆ ಎಳೆಯೋನೇ ಉತ್ತರಾನೂ ಬರೀತಾನೆ" ಅಂದ.

ಮುಳಬಾಗಿಲು_ದೋಸೆ · ಮಂಗಳವಾರ ರಾತ್ರಿ 9:30

ಸರ್, ನಿಮ್ಮ ಕ್ಲಾಸಿಗೆ ಬಂದು ಕೂರ್ಲಾ?

ಇವತ್ತು ಒಂದು ಕೆಲಸ ಮಾಡಿದೆ. ನೀರು ಗುರುತಿಸೋ ಎನ್‌ಡಿಡಬ್ಲ್ಯುಐ ಸೂಚ್ಯಂಕ, ಹಸಿರು ಪಟ್ಟಿಯಿಂದ ಅವಗೆಂಪು ಪಟ್ಟಿ ಕಳೆದು ಅವುಗಳ ಮೊತ್ತದಿಂದ ಭಾಗಿಸೋದು. 2017ರ ಡಿಸೆಂಬರಿನದ್ದು ಒಂದು, 2021ರ ಡಿಸೆಂಬರಿನದ್ದು ಒಂದು ಮಾಡಿ ಪಕ್ಕಪಕ್ಕ ಇಟ್ಟೆ. ನೀರು ಎಷ್ಟೋ ಪಟ್ಟು ಹೆಚ್ಚಾಗಿದೆ! ಕೆ.ಸಿ. ವ್ಯಾಲಿಯಿಂದ ಕೆರೆಗಳು ತುಂಬಿವೆ ಅಂತ ತೀರ್ಮಾನ ಬರೆದೇಬಿಡ್ಲಾ?

ಧಾರವಾಡ_ಫೇಡೆ · ಮಂಗಳವಾರ ರಾತ್ರಿ 10:15

ತಡೀರಿ ತಂಗಿ, ಪೆನ್ನು ಕೆಳಗಿಡ್ರಿ. 2021ರ ನವೆಂಬರ್‌ದಾಗ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಏನ್ ಮಳಿ ಆತು ನೆನಪೈತೇನು? ಎಷ್ಟೋ ವರ್ಷಗಳಿಂದ ಕೋಡಿ ಕಾಣದ ಕೆರಿ ಎಲ್ಲಾ ಕೋಡಿ ಬಿದ್ದಾವು. ನೀವು ಎರಡು ಡಿಸೆಂಬರ್ ಹಿಡಿದು ನಡುವಿನ ಫರಕೆಲ್ಲಾ ಪೈಪಿನ ನೀರಿನ ಲೆಕ್ಕಕ್ಕ ಬರದ್ರ, ಮಳಿರಾಯ ಸುಮ್ನ ಕುಂದರತಾನೇನು? 2023ರದು ತಗೊಂಡಿದ್ರ ಬರಗಾಲದ ವರ್ಷ, ಪೂರಾ ತಿರುಗುಮುರುಗು ಉತ್ತರ ಬರತಿತ್ತು.

ನಾ ಆಗಿದ್ರ ಹಿಂಗ್ ಮಾಡ್ತಿದ್ದೆ. ಪೈಪಿನ ನೀರು ಬರೋ ಕೆರಿ ಒಂದು ಗುಂಪು, ಬರದ ಕೆರಿ ಇನ್ನೊಂದು ಗುಂಪು. ಎರಡಕ್ಕೂ 2018ರ ಜೂನ್ ಮೊದಲಿನದು, ಆಮೇಲಿನದು. ಮಳಿ ಎರಡೂ ಗುಂಪಿಗೂ ಬೀಳ್ತೈತಿ, ಪೈಪು ಒಂದಕ್ಕ ಅಷ್ಟ. ಎರಡನೇ ಗುಂಪು ಎಷ್ಟು ಏರ್ತು ಅನ್ನೋದನ್ನ ಮೊದಲನೇ ಗುಂಪಿನ ಏರಿಕಿಯಿಂದ ಕಳೀರಿ. ಉಳದದ್ದು ಪೈಪಿಂದು ಅನ್ನಾಕ ಸ್ವಲ್ಪರ ಧೈರ್ಯ ಬರ್ತೈತಿ. ಮಳಿ ಅಂಕಿ ಬೇಕಂದ್ರ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರದು ಗ್ರಾಮ ಪಂಚಾಯ್ತಿ ಮಟ್ಟದ ಮಳಿಮಾಪಕ ಅದಾವ, ಅರ್ಜಿ ಹಾಕ್ರಿ.

ಇನ್ನೊಂದು ತೊಡಕು. ಸೆಂಟಿನೆಲ್-2 ಹಾರಿದ್ದ 2015ರ ಜೂನ್‌ದಾಗ. ಯೋಜನೆ ನೀರು ಬಂದಿದ್ದು 2018ರ ಜೂನ್‌ದಾಗ. "ಮೊದಲು" ಅನ್ನಾಕ ನಿಮಗ ಮೂರ ವರ್ಷ. ಹಿಂದಕ್ಕ ಹೋಗ್ಬೇಕಂದ್ರ ಲ್ಯಾಂಡ್‌ಸ್ಯಾಟ್ ಐತಿ, ಆದ್ರ ಮೊದಲಿಗೆ ಒಂಬತ್ತು ಗುಂಟೆ ಪಿಕ್ಸೆಲ್, ಆಮ್ಯಾಗ ಒಂದು ಗುಂಟೆ ಪಿಕ್ಸೆಲ್ ಹಿಡಿದು ಹೋಲಿಸಿದ್ರ ಕೆರಿ ಬದಲಾತೋ ಪಿಕ್ಸೆಲ್ ಬದಲಾತೋ ಯಾರಿಗೂ ಗೊತ್ತಾಗಂಗಿಲ್ಲ. ಒಂದ ಹಿಡೀರಿ, ಕಡೀತನಕ ಅದನ್ನ ಹಿಡೀರಿ.

ಕುಡ್ಲದ_ಬಂಗುಡೆ · ಬುಧವಾರ ಬೆಳಗ್ಗೆ 7:40

ಫೇಡೆ ಅವರು ಹೇಳಿದ್ದು ಸರಿ ಉಂಟು. ಇನ್ನೂ ಒಂದು: ಕೆರೆ ಮೇಲೆ ಅಂತರಗಂಗೆ ಬೆಳೆದಿದ್ರೆ ನಿಮ್ಮ ಸೂಚ್ಯಂಕ ಅದನ್ನ ನೆಲ ಅಂತಲೇ ಹೇಳ್ತದೆ. ಹಸಿರು ಎಲೆ ಅವಗೆಂಪು ಬೆಳಕನ್ನ ಜೋರಾಗಿ ವಾಪಸ್ ಕಳಿಸ್ತದೆ, ನೀರು ನುಂಗ್ತದೆ. ಕೊಳಚೆ ನೀರಿನ ಪೋಷಕಾಂಶ ಇದ್ದಲ್ಲಿ ಈ ಕಳೆ ಜಾಸ್ತಿ. ಅಂದ್ರೆ ನೀವು ಯಾವ ಗುಂಪಿನಲ್ಲಿ ನೀರು ಹೆಚ್ಚು ಅಂತ ಹುಡುಕ್ತಿದ್ದೀರೋ ಅದೇ ಗುಂಪಿನಲ್ಲಿ ನೀರು ಅಡಗಿ ಕೂರುವ ಸಾಧ್ಯತೆ. ಮೋಡದ ದಿನಕ್ಕೆ ಸೆಂಟಿನೆಲ್-1 ರೇಡಾರ್ ಉಂಟು, ಆದರೆ ಗಾಳಿಗೆ ನೀರು ಅಲೆ ಎದ್ರೆ ಅದೂ ಮೋಸ ಹೋಗ್ತದೆ.

ಮುಳಬಾಗಿಲು_ದೋಸೆ · ಬುಧವಾರ ಬೆಳಗ್ಗೆ 8:05

ಕೋಲಾರದವರಿಗೆ ಅಂತರಗಂಗೆ ಅಂದ್ರೆ ಬೆಟ್ಟ ಸರ್, ಎರಡು ನಿಮಿಷ ತಲೆ ಕೆರ್ಕೊಂಡೆ. ಕೆರೆ ಮೇಲೆ ಬೆಟ್ಟ ಹೇಗೆ ಬೆಳೆಯುತ್ತೆ ಅಂತ 😄

ಡಚ್ಚರ_ನಾಡಲ್ಲಿ · ಬುಧವಾರ ಮಧ್ಯಾಹ್ನ 2:20

ಫೇಡೆ ಅವರ ಎರಡು ಗುಂಪಿನ ಉಪಾಯ ಚೆನ್ನಾಗಿದೆ, ಆದ್ರೆ ನಮ್ಮ ಕೆರೆಗಳಲ್ಲಿ ಅದಕ್ಕೊಂದು ತೂತಿದೆ. ಕೋಲಾರದ ಕೆರೆಗಳು ಒಂಟಿ ಅಲ್ಲ, ಸರಣಿ. ಮೇಲಿನ ಕೆರೆ ಕೋಡಿ ಬಿದ್ರೆ ರಾಜಕಾಲುವೆಯಲ್ಲಿ ಹರಿದು ಕೆಳಗಿನದಕ್ಕೆ ಸೇರುತ್ತೆ. ಪೈಪಿನ ನೀರು ಬರೋ ಕೆರೆ ಪಟ್ಟಿಯಲ್ಲಿ ಹೆಸರಿಲ್ಲದ ಕೆರೆಗೂ ಹಾಗೆ ನೀರು ಬಂದಿರಬಹುದು. "ನೀರು ಬಾರದ ಗುಂಪು" ಅಂತ ನೀವು ಕರೆದದ್ದು ಅರ್ಧ ಬಂದ ಗುಂಪಾಗಿರುತ್ತೆ.

1970ರಲ್ಲಿ ವಾಲ್ಡೊ ಟಾಬ್ಲರ್ ಹೇಳಿದ ಮಾತು ಎಲ್ಲ ಸಿಲಬಸ್‌ನಲ್ಲೂ ಇದೆ: ಎಲ್ಲಕ್ಕೂ ಎಲ್ಲದರ ಜೊತೆ ನಂಟಿದೆ, ಹತ್ತಿರದವಕ್ಕೆ ನಂಟು ಹೆಚ್ಚು. ಪರೀಕ್ಷೆಯಲ್ಲಿ ಬರೆದು ಬಂದಿರ್ತೀರ. ಆದ್ರೆ ಹತ್ತಿರ ಅಂದ್ರೆ ಯಾವ ದಾರಿಯಲ್ಲಿ? ನಿಮ್ಮ ಜಿಲ್ಲೆಯ ನೀರು ಒಂದು ಕಡೆ ಪಾಲಾರ್‌ಗೆ, ಇನ್ನೊಂದು ಕಡೆ ದಕ್ಷಿಣ ಪಿನಾಕಿನಿಗೆ, ಮತ್ತೊಂದು ಕಡೆ ಉತ್ತರ ಪಿನಾಕಿನಿಗೆ ಹೋಗುತ್ತೆ. ದಿಣ್ಣೆಯ ಆಚೆ ಅರ್ಧ ಕಿಲೋಮೀಟರಿನ ಕೆರೆ ನಿಮ್ಮ ಕೆರೆಗೆ ಯಾರೂ ಅಲ್ಲ. ಅದೇ ಹಳ್ಳದಲ್ಲಿ ಮೂರು ಕಿಲೋಮೀಟರ್ ಕೆಳಗಿನದು ಖಾಸಾ ತಂಗಿ. ಸಾಫ್ಟ್‌ವೇರ್ ನೆರೆಹೊರೆ ಪಟ್ಟಿಯನ್ನ ನೇರ ದೂರದಿಂದ ಮಾಡುತ್ತೆ, ಅದನ್ನ ಒಪ್ಪಿದ್ರೆ ಮೊರಾನ್ ಸೂಚ್ಯಂಕ (ನೆರೆಹೊರೆಯವು ಒಂದೇ ಥರ ಇವೆಯಾ ಅಂತ ಅಳೆಯೋದು) ಏನೇನೋ ಹೇಳುತ್ತೆ. ಕಾಲುವೆ ಪ್ರಕಾರ ಯಾರಿಗೆ ಯಾರು ನೆರೆ ಅಂತ ನೀವೇ ಪಟ್ಟಿ ಬರೀಬೇಕು.

ಎತ್ತರದ ದತ್ತಾಂಶದಿಂದ ಹಳ್ಳ ತೆಗೀಬಹುದು. ಇಸ್ರೋದ ಭುವನ್ ಜಾಲತಾಣದಲ್ಲಿ ಕಾರ್ಟೋಸ್ಯಾಟ್ ಉಪಗ್ರಹದ್ದು ಸಿಗುತ್ತೆ, ನಾಸಾದ ಎಸ್‌ಆರ್‌ಟಿಎಂ ಅಂತೂ ಇದ್ದೇ ಇದೆ. ಎರಡೂ 30 ಮೀಟರ್. ಬಯಲುಸೀಮೆಯ ತೆಳು ಇಳಿಜಾರಲ್ಲಿ ಇವು ಏರಿಯನ್ನ ಸರಿಯಾಗಿ ಹಿಡಿಯಲ್ಲ, ಹಳ್ಳ ಒಮ್ಮೊಮ್ಮೆ ಏರಿ ಹತ್ತಿ ಇಳಿಯುತ್ತೆ. ಅದಕ್ಕಿಂತ ಒಳ್ಳೆ ದತ್ತಾಂಶ ನಿಮ್ಮನೇಲೇ ಇದೆ.

ಮುಳಬಾಗಿಲು_ದೋಸೆ · ಬುಧವಾರ ಮಧ್ಯಾಹ್ನ 2:31

ಎಲ್ಲಿ?

ಡಚ್ಚರ_ನಾಡಲ್ಲಿ · ಬುಧವಾರ ಮಧ್ಯಾಹ್ನ 2:33

ನೀರುಗಂಟಿ ಅಂದ್ರಲ್ಲ.

ಬಾಂದುಕಲ್ಲು · ಬುಧವಾರ ಸಂಜೆ 5:00

ಸರಿಯಾದ ಮಾತು. ಯಾವ ತೂಬು ಎಷ್ಟು ಗೇಣು ಎತ್ತಿದರೆ ಯಾವ ಗದ್ದೆಗೆ ನೀರು, ಕೋಡಿ ನೀರು ಯಾರ ಹೊಲ ಹಾಯ್ದು ಹೋಗುತ್ತೆ, ಇದೆಲ್ಲ ಅವರ ತಲೆಯಲ್ಲಿತ್ತು. ಯಾವ ಹಾಳೆಯಲ್ಲೂ ಬರೆದಿಲ್ಲ.

ಹಾಳೆ ಅಂದದ್ದಕ್ಕೆ ನೆನಪಾಯಿತು. ಹಳೆ ಕಾಲುವೆ ಗುರುತಿಗೆ ಸರ್ವೆ ಆಫ್ ಇಂಡಿಯಾದ ಟೋಪೊಶೀಟ್ ಬಳಸುವುದಾದರೆ ನರಸಾಪುರದ ಪಶ್ಚಿಮಕ್ಕೆ 57 ಜಿ/16, ಕೋಲಾರ ಪಟ್ಟಣಕ್ಕೆ 57 ಕೆ/4. ಆ ಎರಡರ ನಡುವಿನ ಅಂಚೂ ಅದೇ 78 ಡಿಗ್ರಿ. ಹಳೆ ಹಾಳೆಗಳು 1830ರ ಎವರೆಸ್ಟ್ ಗೋಳದ ಲೆಕ್ಕದ ಮೇಲೆ, ಮಧ್ಯಪ್ರದೇಶದ ಕಲ್ಯಾಣಪುರವನ್ನು ಮೂಲವಾಗಿಟ್ಟು ಎಳೆದವು. ಉಪಗ್ರಹದ ಲೆಕ್ಕ ಡಬ್ಲ್ಯುಜಿಎಸ್ 84 ಎಂಬ ಬೇರೆ ಗೋಳದ ಮೇಲೆ. ಎರಡನ್ನೂ ಹಾಗೇ ಒಂದರ ಮೇಲೊಂದು ಇಟ್ಟರೆ ಕೆರೆ ನೂರಾರು ಅಡಿ ಪಕ್ಕಕ್ಕೆ ಸರಿದು ಕೂರುತ್ತದೆ. ಒಬ್ಬ ಇಂಜಿನಿಯರ್ ಹುಡುಗ ಹೀಗೇ ಇಟ್ಟು "ಸಾರ್, ಕೆರೆ ಒತ್ತುವರಿ ಆಗಿದೆ" ಅಂತ ಓಡಿ ಬಂದಿದ್ದ. ನೋಡಿದರೆ ಕೆರೆಯೂ ಹೊಲವೂ ದೇವಸ್ಥಾನವೂ ಒಟ್ಟಿಗೆ ಅಷ್ಟೇ ದೂರ ಪ್ರಯಾಣ ಮಾಡಿದ್ದವು.

ಪಿಕ್ಸೆಲ್_ಪುಟ್ಟ · ಬುಧವಾರ ರಾತ್ರಿ 9:10

ಕೆಲಸದ ಪ್ರಶ್ನೆ ಎಲ್ಲರೂ ಮರೆತ್ರಿ, ನಾನು ಹೇಳ್ತೀನಿ. ಸಿಗುತ್ತೆ. ಆದ್ರೆ ಮೊದಲನೇ ಕೆಲಸ ಅಂದ್ರೆ ದಿನಕ್ಕೆ ಇಷ್ಟು ಕಟ್ಟಡ, ಇಷ್ಟು ರಸ್ತೆ ಅಂತ ಪಾಲಿಗನ್ ಎಳೆಯೋದು. ಕಣ್ಣು ಉರಿ, ಸಂಬಳ ಕಮ್ಮಿ. ನಾನು ಎರಡು ವರ್ಷ ಅದನ್ನೇ ಮಾಡಿದೆ. ಅಲ್ಲಿಂದ ಮೇಲೆ ಬಂದದ್ದು ಪೈಥಾನ್ ಕೋಡಿಂಗ್ ಮತ್ತೆ ನಕಾಶೆಗಳ ಡೇಟಾಬೇಸ್ ಪೋಸ್ಟ್‌ಜಿಐಎಸ್ ಕಲಿತ ಮೇಲೆ. ಒಂದು ಕೆರೆಗೆ ಬಟನ್ ಒತ್ತೋನು ಸಾವಿರ ಕೆರೆಗೆ ಸಾವಿರ ಸಲ ಒತ್ತೋಕಾಗಲ್ಲ, ಹತ್ತು ಸಾಲು ಬರೀಬೇಕು.

ಆರ್ಕ್‌ಜಿಐಎಸ್ ನಿಮ್ಮ ವಿ.ವಿ.ಯಲ್ಲಿ ಲೈಸೆನ್ಸ್ ಇದ್ರೆ ನೋಡಿಕೊಳ್ಳಿ, ಕೆಲವು ಕಂಪನಿ ಕೇಳ್ತಾರೆ. ಮನೆಯಲ್ಲಿ ಕ್ಯೂಜಿಐಎಸ್, ಅಷ್ಟೇ. ಡೆಹ್ರಾಡೂನಿನ ಇಸ್ರೋ ಸಂಸ್ಥೆ ಐಐಆರ್‌ಎಸ್‌ನ ಆನ್‌ಲೈನ್ ಕೋರ್ಸ್ ಉಚಿತ, ಮಾಡಿ. ಕದ್ದ ಸಾಫ್ಟ್‌ವೇರ್ ಹಾಕ್ಬೇಡಿ, ನಮ್ಮ ಲ್ಯಾಬಲ್ಲಿ ಹಾಕಿ ಪ್ರಾಜೆಕ್ಟ್ ಸಬ್ಮಿಷನ್ ಹಿಂದಿನ ದಿನ ವೈರಸ್ ಬಂದು ಹದಿನೈದು ಜನ ಅತ್ತಿದ್ದಾರೆ.

ಆಮೇಲೆ ಕೆರೆ ಹೆಸರು ಕನ್ನಡದಲ್ಲಿ ಹಾಕೋ ಆಸೆ ಇದ್ರೆ ಶೇಪ್‌ಫೈಲ್ ಅನ್ನೋ ಹಳೇ ಫೈಲ್ ನಮೂನೆ ಬಿಟ್ಟು ಹೊಸ ನಮೂನೆ ಜಿಯೋಪ್ಯಾಕೇಜ್‌ನಲ್ಲಿ ಉಳಿಸಿ. ಶೇಪ್‌ಫೈಲ್‌ನಲ್ಲಿ ಕಾಲಂ ಹೆಸರಿಗೆ ಹತ್ತು ಬೈಟ್ ಅಷ್ಟೇ ಜಾಗ, ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟ್. "ಕೆರೆಯ ಹೆಸರು" ಅಂತ ಹಾಕಿದ್ರೆ "ಕೆರ" ಅಂತ ಉಳಿಯುತ್ತೆ. ನಮ್ಮ ಮ್ಯಾನೇಜರ್ ಮುಂದೆ ಅದನ್ನ ಜೋರಾಗಿ ಓದಿದ ದಿನ ನನಗೆ ಮರೆಯಲ್ಲ.

ಧಾರವಾಡ_ಫೇಡೆ · ಬುಧವಾರ ರಾತ್ರಿ 9:40

ಮ್ಯಾನೇಜರ್ ಏನಂದ್ರು ಅಂತ ಕೇಳಂಗಿಲ್ಲ ಬಿಡ್ರಿ.

ಹೆಸರಿನ ಮ್ಯಾಲ ಟೇಬಲ್ ಜೋಡಿಸೋದಂತೂ ಮಾಡ್ಲೇಬ್ಯಾಡ್ರಿ. ಪ್ರತಿ ಊರಾಗ ಒಂದು ದೊಡ್ಡಕೆರಿ, ಒಂದು ಹೊಸಕೆರಿ ಇರ್ತೈತಿ. ಇಂಗ್ಲಿಷ್‌ದಾಗ ಬರದಿದ್ರ ಮುಳಬಾಗಿಲಿಗೇ ನಾಕು ಸ್ಪೆಲ್ಲಿಂಗ್. 2011ರ ಜನಗಣತಿದು ಆರಂಕಿ ಗ್ರಾಮ ಕೋಡ್ ಹಚ್ಚಿ, ಕೆರಿಗೆ ನಿಮ್ಮದ ಒಂದು ನಂಬರ್ ಕೊಡ್ರಿ. ನಾ ಪಿಎಚ್‌ಡಿ ಮೊದಲನೇ ವರ್ಷ ಹೆಸರಿನ ಮ್ಯಾಲ ಜೋಡಿಸಿ, ಹಾವೇರಿ ಕೆರಿ ನೀರು ಗದಗದಾಗ ಹರಿಸಿದ್ದೆ.

ಮುಳಬಾಗಿಲು_ದೋಸೆ · ಎರಡು ತಿಂಗಳ ನಂತರ, ಭಾನುವಾರ ಸಂಜೆ 7:15

ಎಲ್ರಿಗೂ ಮತ್ತೆ ನಮಸ್ಕಾರ. ಮಾಯ ಆಗಿದ್ದಕ್ಕೆ ಕ್ಷಮಿಸಿ, ನಡೀತಿದ್ದೆ. ನಿಜವಾಗ್ಲೂ ಕಾಲಲ್ಲಿ.

ಇಡೀ ಜಿಲ್ಲೆ ಕೈಬಿಟ್ಟೆ. ನಮ್ಮೂರ ಹಳ್ಳದ ಸರಣಿ ಮತ್ತೆ ಪಕ್ಕದ ಎರಡು ಸರಣಿ ಮಾತ್ರ ಇಟ್ಕೊಂಡೆ. ತಾತನ್ನ ಮಾವನ ಟಿವಿಎಸ್ ಹಿಂದೆ ಕೂರಿಸ್ಕೊಂಡು ಭಾನುವಾರ ಭಾನುವಾರ ಒಂದೊಂದು ಕೆರೆ. ಮೊಬೈಲಲ್ಲಿ ಕೋಡಿ ಜಾಗ ಗುರುತು ಹಾಕೋದು, ಅಲ್ಲಿಂದ ನೀರು ಎಲ್ಲಿಗೆ ಹೋಗುತ್ತೆ ಅಂತ ತಾತ ಕೋಲು ತೋರಿಸಿದ ಕಡೆ ನಡೆಯೋದು. ಎತ್ತರದ ದತ್ತಾಂಶದಿಂದ ಬಂದ ಹಳ್ಳಕ್ಕೂ ತಾತ ತೋರಿಸಿದ್ದಕ್ಕೂ ಬಹಳ ಕಡೆ ತಾಳೆ ಆಯ್ತು, ಮೂರು ಕಡೆ ಆಗಲಿಲ್ಲ. ಒಂದು ಕಡೆ ಹೊಸ ರಸ್ತೆಗೆ ಮೋರಿ ಇಟ್ಟು ನೀರಿನ ದಾರಿಯನ್ನೇ ತಿರುಗಿಸಿದ್ದಾರೆ. ಇನ್ನೊಂದು ಕಡೆ ಕಾಲುವೆ ಇತ್ತು ಅನ್ನೋದಕ್ಕೆ ಹೊಂಗೆ ಮರದ ಸಾಲು ಮಾತ್ರ ಸಾಕ್ಷಿ.

ನಾನು "ನೀರು ಬಾರದ ಗುಂಪು" ಅಂತ ಇಟ್ಟಿದ್ದ ಕೆರೆಗಳಲ್ಲಿ ಎರಡಕ್ಕೆ ಮೇಲಿನ ಕೆರೆ ಕೋಡಿಯಿಂದ ಯೋಜನೆ ನೀರು ಬಂದಿತ್ತು. ಡಚ್ಚರ ನಾಡಿನ ಅಣ್ಣ ಹೇಳಿದ್ದೇ ಸರಿ. ಅವೆರಡನ್ನ ಬೇರೆ ಗುಂಪಿಗೆ ಹಾಕಿದೆ. ಮತ್ತೊಂದು ಕೆರೆ ಚಿತ್ರದಲ್ಲಿ ಪೂರಾ ಒಣಗಿದ ಹಾಗೆ ಇತ್ತು, ಹೋಗಿ ನೋಡಿದ್ರೆ ಏರಿಯಿಂದ ಏರಿವರೆಗೆ ಕಳೆ. ತಾತ ಕಲ್ಲು ಎಸೆದ್ರು, ಬುಳಕ್ ಅಂತು. ಬಂಗುಡೆ ಸರ್, ಅದನ್ನ ಕ್ಷೇತ್ರ ಪರಿಶೀಲನೆ ವಿಧಾನ ಅಂತ ಮೂರನೇ ಅಧ್ಯಾಯದಲ್ಲಿ ಬರೆದಿದ್ದೀನಿ, ಕಲ್ಲಿನ ವಿಷಯ ಮಾತ್ರ ಬಿಟ್ಟೆ.

ನೆರೆಹೊರೆಯನ್ನ ನೇರ ದೂರದಿಂದ ಕಟ್ಟಿದಾಗ ಮೊರಾನ್ ಸೂಚ್ಯಂಕದಲ್ಲಿ ಏನೂ ಕಾಣಲಿಲ್ಲ. ಕಾಲುವೆ ಪಟ್ಟಿಯಿಂದ ಕಟ್ಟಿದಾಗ ಎದ್ದು ಕಂಡಿತು. ಯೋಜನೆಯಿಂದ ನೀರು ಹೆಚ್ಚಾಗಿದೆ, ಆದ್ರೆ ನನ್ನ ಮೊದಲ ಲೆಕ್ಕದಷ್ಟಲ್ಲ. ಅದರಲ್ಲಿ ದೊಡ್ಡ ಪಾಲು 2021ರ ಮಳೆಯದ್ದೇ. ಆ ನೀರು ಎಷ್ಟು ಶುದ್ಧ ಅನ್ನೋ ಜಗಳಕ್ಕೆ ನನ್ನ ಪಿಕ್ಸೆಲ್‌ಗಳು ಉತ್ತರ ಹೇಳಲ್ಲ ಅಂತಲೂ ಬರೆದೆ.

ಗೈಡ್ ಓದಿದ್ರು. ಎರಡು ಬದಲಾವಣೆ ಹೇಳಿದ್ರು. ಒಂದು, ಉತ್ತರ ದಿಕ್ಕಿನ ಬಾಣ ದೊಡ್ಡದು ಮಾಡು. ಎರಡು, ಬಫರ್ ಎಲ್ಲಿ?

ಮೇಷ್ಟ್ರು_ಅಲ್ಲ_ಅತಿಥಿ · ಭಾನುವಾರ ಸಂಜೆ 7:40

500 ಹಾಕಿದ್ಯಾ?

ಮುಳಬಾಗಿಲು_ದೋಸೆ · ಭಾನುವಾರ ಸಂಜೆ 7:42

500 ಹಾಕಿದೆ ಸರ್.

ಬಾಂದುಕಲ್ಲು · ಭಾನುವಾರ ರಾತ್ರಿ 8:30

ಅಮ್ಮಾ, ಸಂತೋಷ. ಪಹಣಿ ನೋಡಿ ಅಂದಿದ್ದೆನಲ್ಲ, ನೋಡಿದಿರಾ? ಕೆರೆ ಎಂದು ಎಷ್ಟು ಬರೆದಿದೆ?

ಮುಳಬಾಗಿಲು_ದೋಸೆ · ಭಾನುವಾರ ರಾತ್ರಿ 8:44

ನೋಡಿದೆ ಸರ್. 92 ಎಕರೆ 14 ಗುಂಟೆ. ನಾನು ಅಂಚು ಎಳೆದದ್ದು 81.

ಬಾಂದುಕಲ್ಲು · ಭಾನುವಾರ ರಾತ್ರಿ 8:50

ಅಂಚಿನ ಪಿಕ್ಸೆಲ್, ಹಳೆ ಸರಪಳಿ ಅಳತೆ ಎರಡಕ್ಕೂ ಒಂದಿಷ್ಟು ಬಿಡಿ. ಆದರೂ ಹನ್ನೊಂದು ಎಕರೆ ಅದರಲ್ಲಿ ಕರಗುವಂಥದ್ದಲ್ಲ. ಗ್ರಾಮ ನಕಾಶೆ ತೆಗೆದು ನಿಮ್ಮ ಅಂಚಿನ ಮೇಲಿಡಿ, ಯಾವ ಮಗ್ಗುಲಲ್ಲಿ ಕಮ್ಮಿ ಬರುತ್ತದೆ ನೋಡಿ. ತಾತನನ್ನೂ ಕೇಳಿ.

ಮುಳಬಾಗಿಲು_ದೋಸೆ · ಭಾನುವಾರ ರಾತ್ರಿ 9:20

ಕೇಳಿದೆ. ಪೂರ್ವದ ಮಗ್ಗುಲು ಅಂತ ಮಾತ್ರ ಹೇಳಿದ್ರು. ಯಾರದ್ದು ಅಂತ ಕೇಳಿದ್ರೆ "ನಿನ್ನ ಪರೀಕ್ಷೆ ಮುಗೀಲಿ" ಅಂದು ಟಿವಿ ಸೌಂಡು ಜಾಸ್ತಿ ಮಾಡಿದ್ರು.